ಕೊಟ್ಟಿಗೆ ಖಾಲಿ ಮಾಡಲು ಹೊರಟವರ ಜೊತೆ ಐದು ದಿನ

ಮೊದಲ ದಿನ: ದೇವಿಮನೆ ಹತ್ತಿ

ಸೋದರಮಾವನ ಫೋನು ಬಂದದ್ದು ದೀಪಾವಳಿ ಮುಗಿದು ಎರಡು ವಾರಕ್ಕೆ. "ಅಪ್ಪಿ, ಕೊಟ್ಟಿಗೆ ಖಾಲಿ ಮಾಡವು ಹೇಳಿ ಇದ್ದಿ. ಒಂದ್ಸಲ ಬಂದು ನೋಡ್ಕಂಡು ಹೋಗು" ಎಂದರು. ಹಬ್ಬಕ್ಕೆ ಕರೆಯುವಾಗಲೂ ಇಷ್ಟು ಮೆತ್ತಗೆ ಮಾತಾಡಿದವರಲ್ಲ. ಕಚೇರಿಯಲ್ಲಿ ಐದು ದಿನ ರಜೆ ಉಳಿದಿತ್ತು, ಹಾಕಿಬಿಟ್ಟೆ.

ನಾನು ಹುಟ್ಟಿ ಬೆಳೆದದ್ದು ಕಾರವಾರದಲ್ಲಿ. ಅಪ್ಪನ ಸರ್ಕಾರಿ ನೌಕರಿ, ಬಾಡಿಗೆ ಮನೆ, ಪ್ಯಾಕೆಟ್ ಹಾಲು. ದನವೆಂದರೆ ನನಗೆ ಬೇಸಿಗೆ ರಜೆಯ ಅಜ್ಜನಮನೆ ಮಾತ್ರ. ಅಲ್ಲಿಯೂ ನನ್ನ ಪಾಲಿನ ಕೆಲಸ ಕರು ಬಿಡುವುದು, ಅಕ್ಕಚ್ಚು ಇಡುವುದು, ಅಷ್ಟೇ. ಹಾಗಾಗಿ ಮುಂದೆ ಬರೆದದ್ದರಲ್ಲಿ ಹಾಲು ಕರೆಯಲು ಬಾರದವನ ಅಜ್ಞಾನ ಕಂಡರೆ ಅದು ಇದ್ದದ್ದೇ.

ಕುಮಟಾದಲ್ಲಿ ಬಸ್ಸು ಬದಲಿಸಿ ಶಿರಸಿ ಬಸ್ಸು ಹಿಡಿದೆ. ದೇವಿಮನೆ ಘಾಟಿ ಶುರುವಾಗುತ್ತಿದ್ದಂತೆ ಕರಾವಳಿಯ ಬೆವರು ಆರುತ್ತದೆ, ಕಿವಿ ಗುಂಯ್ ಎನ್ನುತ್ತದೆ. ರಾಗಿಹೊಸಳ್ಳಿ ದಾಟಿ ಇಳಿದೆ. ಅಲ್ಲಿಂದ ನಾಲ್ಕು ಕಿಲೋಮೀಟರ್ ಮಣ್ಣುರಸ್ತೆ. ಮಳೆಗಾಲದಲ್ಲಿ ಕೊಚ್ಚಿಹೋದ ಕಡೆ ಊರವರೇ ಕಲ್ಲು ತುಂಬಿದ್ದಾರೆ. ಈ ರಸ್ತೆಗಾಗಿಯೇ ಹಾಲಿನ ಗಾಡಿ ಒಳಗೆ ಬರುವುದಿಲ್ಲ. ಕ್ಯಾನು ಹೊತ್ತು ಮುಖ್ಯರಸ್ತೆಗೆ ಬರಬೇಕು, ಬೆಳಿಗ್ಗೆ ಏಳರೊಳಗೆ.

ಮಾವ ಅಂಗಳದಲ್ಲೇ ಕುಳಿತಿದ್ದರು. "ಬಂದ್ಯನ? ಆಸ್ರಿಗೆ ಕುಡಿ ಮೊದ್ಲು" ಎಂದು ಅತ್ತೆ ಮಜ್ಜಿಗೆ ತಂದಿಟ್ಟರು. ಮಂಡಿನೋವು, ಮಗ ಬೆಂಗಳೂರಲ್ಲಿ, ಆಳು ಸಿಗುವುದಿಲ್ಲ. ಎಲ್ಲ ಗೊತ್ತಿದ್ದ ಸಂಗತಿಯೇ. ಹೊಸದಾಗಿ ತಿಳಿದದ್ದು ಒಂದು. ಇಬ್ಬರೂ ಜೊತೆಯಾಗಿ ಒಂದು ಮದುವೆಗೆ ಹೋಗಿ ಹನ್ನೊಂದು ವರ್ಷವಾಗಿದೆಯಂತೆ. ಒಬ್ಬರು ಊಟಕ್ಕೆ ಹೋದರೆ ಇನ್ನೊಬ್ಬರು ದನ ಕಾಯಬೇಕು. ಸ್ವಂತ ಅಣ್ಣನ ಮಗಳ ಮದುವೆಯಲ್ಲೂ ಅತ್ತೆ ಧಾರೆ ನೋಡಿ ಮಧ್ಯಾಹ್ನದ ಬಸ್ಸಿಗೆ ವಾಪಸ್ಸು.

"ಈ ವರ್ಷ ದರಕು ಗುಡಿಸ್ತ್ನಿಲ್ಲೆ" ಎಂದರು ಮಾವ. ದರಕು ಅಂದರೆ ಬೆಟ್ಟದ ಒಣಗಿದೆಲೆ. ಅದನ್ನು ಹೊರುವ ಕಲ್ಲಿ, ಅಂದರೆ ಹಗ್ಗದ ದೊಡ್ಡ ಬಲೆ, ಕಟ್ಟಿಗೆ ಮನೆಯ ಗೂಟದಲ್ಲಿ ಹರಿದು ನೇತಾಡುತ್ತಿತ್ತು. ಬೇರೆ ವರ್ಷ ಇಷ್ಟು ಹೊತ್ತಿಗೆ ಅದನ್ನು ಹೆಣೆದು ಸರಿಮಾಡುತ್ತಿದ್ದರು.

ಅತ್ತೆ ಒಳಗಿನಿಂದಲೇ, "ಇವು ಹೋದ್ವರ್ಷನೂ ಹಿಂಗೇ ಹೇಳಿದ್ದ" ಎಂದರು.

ಎರಡನೇ ದಿನ: ಕೊಟ್ಟಿಗೆ, ಬೇಣ, ಗೊಬ್ಬರಗುಂಡಿ

ಐದು ಗಂಟೆಗೆ ಎಬ್ಬಿಸಿದ್ದು ಕೋಳಿಯಲ್ಲ, ಎಮ್ಮೆ. ಅದರ ಕೂಗು ಹಳೇ ಲಾರಿಯ ಹಾರನ್ನಿನಂತೆ ಮನೆಯನ್ನೇ ಅಲ್ಲಾಡಿಸುತ್ತದೆ.

ಕೊಟ್ಟಿಗೆಯಲ್ಲಿ ಈಗ ಇರುವುದು ಐದು ಜೀವ. ಕೆಂದಿ ಮತ್ತು ತುಂಗೆ ಎಂಬ ಎರಡು ಮಲೆನಾಡು ಗಿಡ್ಡ, ತುಂಗೆಯ ಕರು, ಒಂದು ಎಮ್ಮೆ, ಒಂದು ಜರ್ಸಿ ಮಿಶ್ರತಳಿ. ಜರ್ಸಿಗೆ ಹೆಸರಿಲ್ಲ. ಈ ಮನೆಗೆ ಬಂದು ಆರು ವರ್ಷವಾದರೂ ಅದು "ಜರ್ಸಿ"ಯೇ. ಅತ್ತೆ ಬೈಯುವಾಗಲೂ ಮುದ್ದು ಮಾಡುವಾಗಲೂ ಅದೇ ಹೆಸರು. ದೊಡ್ಡಬ್ಬಕ್ಕೆ, ಅಂದರೆ ದೀಪಾವಳಿಗೆ ಕಟ್ಟಿದ ಚೆಂಡುಹೂವಿನ ಮಾಲೆ ಒಣಗಿ ಕಂಬಕ್ಕೆ ಸುತ್ತಿಕೊಂಡಿತ್ತು. ಅದರಲ್ಲಿ ಜರ್ಸಿಯದೂ ಒಂದು.

ಕೆಂದಿ ನನ್ನ ಸೊಂಟಕ್ಕಿಂತ ಎತ್ತರವಿಲ್ಲ. ಮೂರಡಿ ಎತ್ತರದ ಈ ಗಿಡ್ಡ ದನಗಳಿಗೆ 2012ರಲ್ಲಿ ರಾಷ್ಟ್ರಮಟ್ಟದಲ್ಲಿ ಪ್ರತ್ಯೇಕ ತಳಿಯೆಂಬ ಮಾನ್ಯತೆ ಸಿಕ್ಕಿತು. ಅದಕ್ಕೂ ಮುಂಚೆ ಇವನ್ನು ಎಲ್ಲರೂ "ಊರದನ" ಎಂದು ಕರೆದು ಮೂಗು ಮುರಿಯುತ್ತಿದ್ದರು. ಹೊತ್ತಿಗೆ ಒಂದು ಲೀಟರ್ ಕೊಟ್ಟರೆ ದೊಡ್ಡದು. ಕರು ಬಿಟ್ಟು ಸೊರೆ ಬಿಡಿಸದಿದ್ದರೆ ಅದೂ ಇಲ್ಲ. ಜರ್ಸಿ ದಿನಕ್ಕೆ ಎಂಟು ಲೀಟರ್ ಕೊಡುತ್ತದೆ. ಆದರೆ ಹಿಂಡಿಯ ಐವತ್ತು ಕಿಲೋ ಚೀಲಕ್ಕೆ ಸಾವಿರ ದಾಟಿದೆ, ಅದನ್ನು ಮುಖ್ಯರಸ್ತೆಯಿಂದ ಒಳಗೆ ತರಿಸಲು ಬಾಡಿಗೆ ಬೇರೆ. ಹಾಲಿನ ಸಂಘದಲ್ಲಿ ಕೊಬ್ಬು ಶೇಕಡಾ 3.5, ಇತರ ಘನಾಂಶ 8.5 ಬರಬೇಕು, ಹಸಿಹುಲ್ಲು ಕಡಿಮೆಯಾಗಿ ಅದು ಸ್ವಲ್ಪ ಇಳಿದರೂ ರೇಟು ಇಳಿಯುತ್ತದೆ. ಸರ್ಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಖಾತೆಗೆ ಬಂದಾಗ ಬರುತ್ತದೆ. ಮಾವನ ಡೈರಿಯಲ್ಲಿ ಎಡಪುಟದಲ್ಲಿ ಹಾಲು, ಬಲಪುಟದಲ್ಲಿ ಹಿಂಡಿ, ಔಷಧಿ, ಬಾಡಿಗೆ. ಎರಡು ಪುಟವೂ ಹೆಚ್ಚುಕಡಿಮೆ ಸಮ. ಆಳಿನ ಸಂಬಳ ಬರೆದೇ ಇಲ್ಲ, ಯಾಕೆಂದರೆ ಆಳು ಇವರೇ.

"ಮತ್ತೆ ಯಾಕೆ ಇಷ್ಟು ವರ್ಷ?" ಎಂದೆ.

"ಹಾಲಿಗೆ ಹೇಳಿ ದನ ಕಟ್ಟಿದವ್ವು ಯಾರಿದ್ದ ಇಲ್ಲಿ? ಸಗಣಿಗೆ ಕಟ್ಟಿದ್ದು. ಹಾಲು ಮೇಲಿಂದ ಮೇಲೆ ಬಂದಿದ್ದು."

ಇದು ಘಟ್ಟದ ಮೇಲಿನವರಿಗೆ ಹೇಳಬೇಕಾದ ಮಾತಲ್ಲ. ಕೆಳಗಿನವರಿಗೆ, ಪೇಟೆಯವರಿಗೆ ಗೊತ್ತಿಲ್ಲದ ಮಾತು. ಮಾವನಿಗೆ ಒಂದೂವರೆ ಎಕರೆ ಅಡಿಕೆ ತೋಟ. ಬ್ರಿಟಿಷರ ಕಾಲದಿಂದ ನಮ್ಮ ಜಿಲ್ಲೆಯ ಅಡಿಕೆ ತೋಟಗಳಿಗೆ ಎಕರೆಗೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ಇದೆ. ಬೆಟ್ಟ ಸರ್ಕಾರದ್ದು, ಸೊಪ್ಪು ತೋಟದವನದು. ಮಳೆಗಾಲದಲ್ಲಿ ಹಸಿ ಸೊಪ್ಪು ಕಡಿದು, ಬೇಸಿಗೆಯಲ್ಲಿ ದರಕು ಗುಡಿಸಿ ತಂದು ದನದ ಕಾಲಡಿಗೆ ಹಾಕುತ್ತಾರೆ. ದನ ಅದನ್ನು ರಾತ್ರಿಯಿಡೀ ತುಳಿದು, ಸಗಣಿ ಗಂಜಲದಲ್ಲಿ ಕಲಸುತ್ತದೆ. ಬೆಳಿಗ್ಗೆ ಅದನ್ನು ಎಳೆದು ಗುಂಡಿಗೆ. ವರ್ಷ ಕಳೆದ ಮೇಲೆ ಗುಂಡಿಯಿಂದ ಮರದ ಬುಡಕ್ಕೆ. ಬೆಟ್ಟವನ್ನು ತೋಟಕ್ಕೆ ಇಳಿಸುವ ಯಂತ್ರ ದನ. ಅದರ ಕಾಲೇ ಇಲ್ಲದಿದ್ದರೆ ಬೆಟ್ಟವೂ ತೋಟವೂ ಬೇರೆ ಬೇರೆ.

ಅಡಿಕೆಗೆ ರೇಟು ಬಂದ ಮೇಲೆ ಊರಿನ ಬಹಳ ಮನೆಯವರು ಬಯಲುಸೀಮೆಯಿಂದ ಲಾರಿಯಲ್ಲಿ ಕುರಿಗೊಬ್ಬರ ತರಿಸಿ ಕೊಟ್ಟಿಗೆಯನ್ನು ಕಾರ್ ಶೆಡ್ ಮಾಡಿಕೊಂಡಿದ್ದಾರೆ. ಈ ಕೇರಿಯ ಏಳು ಮನೆಯಲ್ಲಿ ದನ ಇರುವುದು ಎರಡು ಮನೆಯಲ್ಲಿ. ತಪ್ಪು ಹೇಳುವುದಕ್ಕೆ ನಾನ್ಯಾರು? ಬೆಳಿಗ್ಗೆ ಒಂದು ಗಂಟೆ ಗೊಬ್ಬರ ಎಳೆದು ನನ್ನ ಸೊಂಟ ಎರಡು ತುಂಡಾಗಿತ್ತು.

ಮೇವಿನದು ಇನ್ನೊಂದು ಕಥೆ. ಮೊದಲೆಲ್ಲ ತೋಟದಲ್ಲಿ ಉದುರಿದ ಅಡಿಕೆ ಹಾಳೆಯನ್ನು ಸೀಳಿ, ಒಣಗಿಸಿಟ್ಟು, ಮಳೆಗಾಲದಲ್ಲಿ ಕತ್ತರಿಸಿ ದನಕ್ಕೆ ಹಾಕುತ್ತಿದ್ದರು. ಈಗ ಹಾಳೆ ತಟ್ಟೆಯ ಘಟಕದವರು ಬಂದು ಎಣಿಸಿ ದುಡ್ಡು ಕೊಟ್ಟು ಒಯ್ಯುತ್ತಾರೆ. ಪೇಟೆಯ ಮದುವೆಯಲ್ಲಿ ನಾವು ಉಂಡು ಎಸೆಯುವ ತಟ್ಟೆ ಒಂದು ಕಾಲಕ್ಕೆ ಯಾರದೋ ಕೊಟ್ಟಿಗೆಯ ಜುಲೈ ತಿಂಗಳ ಮೇವು. ಹೀಗಾಗಿ ಈಗ ಬೇಣದ, ಅಂದರೆ ಹುಲ್ಲುಗುಡ್ಡದ ಕರಡ ಹುಲ್ಲೇ ಗತಿ. ಹತ್ತು ಗಂಟೆಗೆ ಕರಡ ಕೊಯ್ಯಲು ಮಾವನ ಜೊತೆ ಹೋದೆ. ಎದೆಮಟ್ಟ ಬೆಳೆದು ಹೊಂಬಣ್ಣಕ್ಕೆ ತಿರುಗಿದ ಹುಲ್ಲು, ಗಾಳಿ ಬಂದರೆ ಗುಡ್ಡವೇ ಹೊರಳಿದಂತೆ ಕಾಣುತ್ತದೆ. ನೋಡಲು ಚೆಂದ. ಕೊಯ್ಯಲು ಬಗ್ಗಿದರೆ ಅಂಗೈ ಗೀರು, ಕುತ್ತಿಗೆಗೆ ತುರಿಕೆ, ಅಂಗಿಗೆಲ್ಲ ಊಬಲು. ಮಾವ ಎಂಟು ಹೊರೆ ಕಟ್ಟಿದರು. ನಾನು ಎರಡು. ಅದರಲ್ಲಿ ಒಂದು ದಾರಿಯಲ್ಲೇ ಬಿಚ್ಚಿಕೊಂಡಿತು.

ಸಂಜೆ ದನ ಬೆಟ್ಟದಿಂದ ಬಂದ ಮೇಲೆ ಅತ್ತೆ ಕೆಂಡದ ಬೋಗುಣಿ ಇಟ್ಟುಕೊಂಡು ಕೂತರು. ಕಿವಿಯೊಳಗೆ, ಕೆಚ್ಚಲ ಸಂದಿಯಲ್ಲಿ ಕೈಯಾಡಿಸಿ ಉಣುಗು ಕಿತ್ತು ಕೆಂಡಕ್ಕೆ ಹಾಕುವುದು. ಚಟ್ ಎಂದು ಸದ್ದು. ಇದು ಬರೀ ದನದ ಆರೈಕೆಯಲ್ಲ. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಕಾಣಿಸಿಕೊಂಡ, ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಇಂದಿಗೂ ಸಿದ್ದಾಪುರದ ಕಡೆ ಜೀವ ತೆಗೆಯುತ್ತಿದೆ. ದನಕ್ಕೆ ಆ ಕಾಯಿಲೆ ಬಾಧಿಸುವುದಿಲ್ಲ. ಆದರೆ ಉಣುಗು ದನದ ಮೈಮೇಲೆ ರಕ್ತ ಹೀರಿ ದಪ್ಪಗಾಗಿ, ಮೊಟ್ಟೆ ಇಡಲು ನೆಲಕ್ಕೆ ಉದುರುತ್ತದೆ. ಬೇಸಿಗೆ ಶುರುವಾಗುತ್ತಿದ್ದಂತೆ ಮರಿ ಉಣುಗು ದರಕಿನಲ್ಲೆಲ್ಲ ಹರಡಿಕೊಳ್ಳುತ್ತದೆ, ದರಕು ಗುಡಿಸುವ ಕೆಲಸವೂ ಅದೇ ತಿಂಗಳುಗಳಲ್ಲಿ. ಕಾಡಿಗೆ ಹೋಗುವವರು ಉಣುಗು ಹತ್ತದಂತೆ ಕೈಕಾಲಿಗೆ ಡೇಪಾ ಎಣ್ಣೆ ಹಚ್ಚಿಕೊಂಡು ಹೋಗುತ್ತಾರೆ. ಎಲ್ಲೋ ಮಂಗ ಸತ್ತಿದೆ ಎಂಬ ಸುದ್ದಿ ಬಂದರೆ ಆ ಬೆಟ್ಟಕ್ಕೆ ದನ ಬಿಡುವುದು ನಿಂತಿತು.

ಐದು ಜೀವ ಎಂದೆನಲ್ಲ, 2022ಕ್ಕಿಂತ ಮೊದಲು ಆರಿತ್ತು. ಆ ವರ್ಷ ರಾಜ್ಯದ ತುಂಬ ಚರ್ಮಗಂಟು ರೋಗ ಹಬ್ಬಿದಾಗ ಕಪಿಲೆ ಎಂಬ ಗಡಸಿನ ಮೈಯೆಲ್ಲ ಗಂಟೆದ್ದು, ಕಾಲು ಬಾತು, ಹನ್ನೆರಡನೇ ದಿನ ಏಳಲಿಲ್ಲ. ಆಡಿನ ಸಿಡುಬಿಗೆ ಹಾಕುವ ಲಸಿಕೆಯನ್ನೇ ದನಕ್ಕೂ ಹಾಕುತ್ತಿದ್ದರು. ಈ ಕೇರಿಗೆ ಲಸಿಕೆ ಬರುವಷ್ಟರಲ್ಲಿ ಗಂಟು ಬಂದಾಗಿತ್ತು. ಅತ್ತೆ ಇದನ್ನು ಹೇಳುವಾಗ ಕೆಂಡ ಕೆದಕುತ್ತಿದ್ದರು, ನನ್ನ ಮುಖ ನೋಡಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಮಾವ ಗಂಡು ಕರುವಿನ ವಿಷಯ ತೆಗೆದರು. ಊರಲ್ಲಿ ಗಿಡ್ಡ ತಳಿಯ ಹೋರಿ ಉಳಿದಿಲ್ಲ. ಬೆದೆಗೆ ಬಂದರೆ ಸೂಜಿಯೇ. ದೊಡ್ಡ ತಳಿಯ ವೀರ್ಯ ಕೊಡಿಸಿದರೆ ಗಿಡ್ಡ ದನದ ಹೊಟ್ಟೆಯಲ್ಲಿ ಕರು ದೊಡ್ಡದಾಗಿ, ಹಾಕುವಾಗ ತಾಯಿ ಜೀವಕ್ಕೇ ಬರುತ್ತದೆ. ಜರ್ಸಿಗೆ ಗಂಡು ಹುಟ್ಟಿದರೆ ಏನು ಮಾಡುವುದು? ಉಳುವುದಕ್ಕೆ ಟಿಲ್ಲರ್ ಇದೆ. ಹೆಣ್ಣು ಕರುವೇ ಹುಟ್ಟುವ ಬೇರ್ಪಡಿಸಿದ ವೀರ್ಯ ಈಗ ಸಿಗುತ್ತದೆ, ಆದರೆ ಕಟ್ಟುವ ಖಾತ್ರಿ ಕಡಿಮೆ ಎನ್ನುತ್ತಾರೆ. 2021ರಲ್ಲಿ ಗೋಹತ್ಯೆ ನಿಷೇಧದ ಹೊಸ ಕಾಯ್ದೆ ಜಾರಿಯಾದ ಮೇಲೆ ಮುದಿದನ, ಗಂಡುಕರು ಕೊಳ್ಳಲು ಬರುವವರೇ ಇಲ್ಲ. ಮಾವ ಕಾಯ್ದೆಯ ವಿರುದ್ಧ ಇರುವವರಲ್ಲ. ಅವರಾಗಿ ಕಸಾಯಿಗೆ ದನ ಕೊಟ್ಟವರೂ ಅಲ್ಲ. ಆದರೆ ರಾತ್ರಿ ಹೊತ್ತು ಶಿರಸಿ ಪೇಟೆಯಲ್ಲಿ ಬಿಟ್ಟುಹೋದ ಕರುಗಳನ್ನು ನೋಡಿದವರು. "ಸಾಕಿ ಹೇಳವಕ್ಕೆಲ್ಲ ಒಂದೊಂದು ಗಂಡು ಕರು ಕಟ್ಟಿ ಕೊಡವು" ಎಂದು ನಕ್ಕರು. ನಗು ಅರ್ಧಕ್ಕೇ ನಿಂತಿತು.

ಮೂರನೇ ದಿನ: ಗೌಳಿ ದಡ್ಡಿ

ಎಮ್ಮೆಯನ್ನು ಪಾಲಿಗೆ ಕೊಡುವುದು ಮಾವನ ಲೆಕ್ಕ. ಸಾಕುವವರು ಸಾಕಿಕೊಳ್ಳಲಿ, ಹುಟ್ಟಿದ ಕರುವಿನಲ್ಲಿ ಪಾಲು. ಯಲ್ಲಾಪುರದ ಆಚೆ, ಕಿರವತ್ತಿ ಕಡೆಯ ಕಾಡಿನಲ್ಲಿ ಅವರಿಗೆ ಮೂವತ್ತು ವರ್ಷದಿಂದ ಗೊತ್ತಿರುವ ಗೌಳಿ ಅಜ್ಜ ಇದ್ದಾರೆ. ಬಸ್ಸಿನಲ್ಲಿ ಯಲ್ಲಾಪುರ, ಅಲ್ಲಿಂದ ಮತ್ತೊಂದು ಬಸ್ಸು, ಆಮೇಲೆ ತೇಗದ ನೆಡುತೋಪಿನ ನಡುವೆ ನಡಿಗೆ.

ಧನಗರ ಗೌಳಿಗರು ಕೆಲವು ತಲೆಮಾರಿನ ಹಿಂದೆ ಮಹಾರಾಷ್ಟ್ರದ ಘಟ್ಟಗಳಿಂದ ಎಮ್ಮೆ ಹೊಡೆದುಕೊಂಡು ಮೇವು ಹುಡುಕುತ್ತ ಬಂದವರು. ಮನೆಮಾತು ಮರಾಠಿಯ ಒಂದು ಬಗೆ. ಯಲ್ಲಾಪುರ, ಮುಂಡಗೋಡ, ಹಳಿಯಾಳ, ಜೋಯಿಡಾದ ಕಾಡಂಚಿನಲ್ಲಿ ಅವರ ದಡ್ಡಿಗಳಿವೆ. ದಡ್ಡಿ ಅಂದರೆ ಮೊದಲು ಎಮ್ಮೆಯ ದೊಡ್ಡಿ, ಆಮೇಲೆ ಮನುಷ್ಯರ ಊರು. ಧಾರವಾಡ ಪೇಡೆಯ ರುಚಿಯ ಹಿಂದೆ ಇರುವುದು ಇಂಥವರ ಎಮ್ಮೆಯ ಗಟ್ಟಿ ಹಾಲು ಎಂಬುದನ್ನು ಪೇಡೆ ತಿನ್ನುವವರು ನೆನೆಯುವುದು ಅಪರೂಪ.

ಅಜ್ಜ ಬಾಗಿಲಲ್ಲೇ ಕಂಬಳಿ ಹಾಸಿದರು. "ಬರ್ರಿ ಹೆಗಡೇರ, ಮಂಡಿ ಹ್ಯಾಂಗೈತಿ?" ಮಂಡಿನೋವಿನ ಸುದ್ದಿ ಇಲ್ಲಿವರೆಗೆ ಬಂದಿತ್ತು. ಮಣ್ಣಿನ ಗೋಡೆಯ ಉದ್ದನೆಯ ಮನೆ, ಅರ್ಧಭಾಗ ಎಮ್ಮೆಕರುಗಳಿಗೆ. ಒಲೆಯ ಹೊಗೆ, ಹಾಲಿನ ಹುಳಿವಾಸನೆ, ಕರುವಿನ ಬೆಚ್ಚನೆ ಉಸಿರು, ಎಲ್ಲ ಒಂದೇ ಸೂರಿನಡಿ. ಅಜ್ಜಿ ಹಿತ್ತಾಳೆ ಲೋಟದಲ್ಲಿ ಹಾಲು ಕೊಟ್ಟರು. ಚಹಾ ಅಲ್ಲ, ಹಾಲು. ಮೀಸೆಗೆ ಕೆನೆ ಅಂಟಿತು.

ಅಜ್ಜನ ಕಾಲದಲ್ಲಿ ಅರವತ್ತು ಎಮ್ಮೆ. ಈಗ ಇಪ್ಪತ್ತೆರಡು. ಹೆಂಗಸರು ತಲೆಮೇಲೆ ಹಾಲು, ಬೆಣ್ಣೆ ಹೊತ್ತು ಪೇಟೆಗೆ ನಡೆಯುತ್ತಿದ್ದ ದಾರಿಯಲ್ಲಿ ಈಗ ಹುಡುಗರು ಬ್ಯಾಗ್ ಹಾಕಿಕೊಂಡು ಗೋವೆಗೆ, ಹುಬ್ಬಳ್ಳಿಗೆ ಗಾರೆ ಕೆಲಸಕ್ಕೆ ಹೋಗುತ್ತಾರೆ. ಇಬ್ಬರು ಮಕ್ಕಳಲ್ಲಿ ಒಬ್ಬ ಮಡಗಾಂವದಲ್ಲಿ. ದಸರೆಯ ಶಿಲಂಗಣಕ್ಕೆ ಬಂದು ಕುಣಿದು ಹೋದನಂತೆ.

ಕಾರಣ ಕೇಳಿದರೆ ಅಜ್ಜ ಬೆರಳು ಮಡಚಿ ಹೇಳುವವರಲ್ಲ. ಕೋಲೆತ್ತಿ ಸುತ್ತ ತೋರಿಸಿದರು. ಒಂದು ಕಡೆ ಅಕೇಶಿಯಾ. ಅದರಡಿ ಹುಲ್ಲು ಹುಟ್ಟುವುದಿಲ್ಲ. ಇನ್ನೊಂದು ಕಡೆ ಎಳೆಗಿಡದ ನೆಡುತೋಪು, ಸುತ್ತ ದನ ದಾಟದಂತೆ ಕಂದಕ. ಮತ್ತೊಂದು ಕಡೆ ಆಳೆತ್ತರದ ಯುಪಟೋರಿಯಂ. ಎಮ್ಮೆ ಮೂಸಿಯೂ ನೋಡದ ಗಿಡ. "ಎಮ್ಮಿ ಅಂದ್ರ ಅಡವಿ ಬೇಕ್ರಿ. ಅಡವ್ಯಾಗ ಹೋಗಬ್ಯಾಡ ಅಂದ್ರ ಎಮ್ಮಿ ಬ್ಯಾಡ ಅಂದಂಗ. ಹಿಂಡಿ ಹಾಕಿ ಇಪ್ಪತ್ತೆರಡು ಎಮ್ಮಿ ಸಾಕಾಕ ನಾ ಏನು ಗೌಡ್ರ ಮಗನೇನ್ರಿ?"

ಕಾಡಿನ ಕಡೆಯಿಂದ ನೋಡಿದರೆ ಬೇರೆ ಮಾತೂ ಇದೆ, ಅದನ್ನು ಮರೆಮಾಚುವುದಿಲ್ಲ. ಇಪ್ಪತ್ತೆರಡು ಎಮ್ಮೆ ದಿನಾ ಒಂದೇ ಹಳ್ಳಕ್ಕೆ ಇಳಿದರೆ ಹಳ್ಳದ ದಂಡೆ ಉಳಿಯುವುದಿಲ್ಲ, ಎಳೆ ಸಸಿಯೂ ಉಳಿಯುವುದಿಲ್ಲ. ಆದರೆ ಮೇಯಿಸುವವನನ್ನು ಹೊರಗಿಟ್ಟು ಅಕೇಶಿಯಾ ನೆಟ್ಟದ್ದನ್ನು ಕಾಡು ಉಳಿಸಿದ್ದು ಎಂದು ಕರೆಯಲು ನನ್ನ ನಾಲಿಗೆ ಏಳುವುದಿಲ್ಲ.

ಪಾಲಿನ ಮಾತು ಬಂದಾಗ ಅಜ್ಜ ಬಹಳ ಹೊತ್ತು ಸುಮ್ಮನಿದ್ದರು. "ನಿಮ್ಮ ಎಮ್ಮಿ ನಾ ಹ್ಯಾಂಗ ಬ್ಯಾಡ ಅನ್ಲಿ. ಆದ್ರ ನಾ ಹೋದ ಮ್ಯಾಲ ಇವ್ನ ಹೊಡಕೊಂಡು ಹೋಗಾಂವ ಯಾರು?" ಅಲ್ಲಿಗೆ ಮುಗಿಯಿತು.

ಮಾವ ಎದ್ದು ಕೊಟ್ಟಿಗೆಯ ಹಿಂದಕ್ಕೆ ನಡೆದರು. ಅಲ್ಲಿ ಮನೆಯೆತ್ತರದ ಗೊಬ್ಬರದ ರಾಶಿ. ಗೌಳಿಗರಿಗೆ ಹಾಲಿಗಿಂತ ನೆಚ್ಚಿಕೆಯ ದುಡ್ಡು ಅದು, ರೈತರು ಟ್ರ್ಯಾಕ್ಟರ್ ತಂದು ತುಂಬಿಕೊಂಡು ಹೋಗುತ್ತಾರೆ. ಮಾವ ಒಂದು ಹಿಡಿ ಎತ್ತಿ, ಬೆರಳಲ್ಲಿ ಪುಡಿ ಮಾಡಿ, ಮೂಸಿ ನೋಡಿದರು. ಒಂದು ಟ್ರ್ಯಾಕ್ಟರಿಗೆ ಎಷ್ಟು, ಶಿರಸಿವರೆಗೆ ಬಾಡಿಗೆ ಎಷ್ಟು ಎಂದು ಕೇಳಿದರು. ಬಸ್ಸಿನ ಟಿಕೇಟಿನ ಹಿಂಭಾಗದಲ್ಲಿ ಏನೋ ಬರೆದುಕೊಂಡರು. ಯಲ್ಲಾಪುರದ ನಿಲ್ದಾಣದಲ್ಲಿ ನಮ್ಮ ದಾರಿ ಬೇರೆಯಾಗುವವರೆಗೂ ಆ ಟಿಕೇಟು ಅವರ ಕೈಯಲ್ಲೇ ಇತ್ತು. ಭಾನುವಾರ ಜರ್ಸಿ ನೋಡಲು ಒಬ್ಬರು ಬರುತ್ತಾರೆ ಎಂದಷ್ಟೇ ಹೇಳಿ ಬಸ್ಸು ಹತ್ತಿದರು.

ನಾಲ್ಕನೇ ದಿನ: ಜೋಯಿಡಾದ ಒಳಗೆ

ಯಲ್ಲಾಪುರದ ವಸತಿಗೃಹದ ಬಗ್ಗೆ ಬರೆಯುವಂಥದ್ದೇನಿಲ್ಲ, ಸೊಳ್ಳೆ ಬಿಟ್ಟು. ಬೆಳಿಗ್ಗೆ ದಾಂಡೇಲಿ, ಅಲ್ಲಿಂದ ಗಣೇಶಗುಡಿ. ಸೂಪಾ ಅಣೆಕಟ್ಟು ದಾಟಿ ಜೋಯಿಡಾ. ಇಡೀ ತಾಲೂಕಿಗೆ ಹೆಸರು ಕೊಟ್ಟಿದ್ದ ಹಳೇ ಸೂಪಾ ಊರು ಆ ನೀರಿನಡಿ ಇದೆ.

ಕಚೇರಿಯ ಗೆಳೆಯನ ಅಣ್ಣ ಜೋಯಿಡಾದಲ್ಲಿ ಬೈಕ್ ಹಿಡಿದು ನಿಂತಿದ್ದರು. ಕುಣಬಿ ಮನೆತನ, ಮಾತು ಕೊಂಕಣಿ. ನಾನು ಅವರನ್ನು ಗೆಳೆಯನಂತೆ "ದಾದಾ" ಎಂದೇ ಕರೆದೆ. ಬೈಕು ಒಂದು ಹಳ್ಳದವರೆಗೆ, ಆಮೇಲೆ ಒಂದೂವರೆ ತಾಸು ನಡಿಗೆ. ದಾರಿಯ ಮಧ್ಯೆ ಒಂದು ದೊಡ್ಡ ಬಂಡೆ. ಊರವರು ಅದನ್ನು "ಟವರ್" ಎನ್ನುತ್ತಾರೆ, ಅದರ ನೆತ್ತಿಯ ಮೇಲೆ ಮಾತ್ರ ಫೋನು ಹಿಡಿಯುತ್ತದೆ. ಪಶು ಆಂಬುಲೆನ್ಸಿಗೆ 1962 ಒತ್ತಬೇಕೆಂದರೂ ಇಲ್ಲಿಗೇ ಬರಬೇಕು. ಗಾಡಿ ಬಂದರೂ ಹಳ್ಳದ ಆಚೆ ನಿಲ್ಲುತ್ತದೆ.

1956ರಲ್ಲಿ ದಾಂಡೇಲಿ ಅಭಯಾರಣ್ಯ, 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನ, 2007ರಲ್ಲಿ ಎರಡೂ ಸೇರಿ ಹುಲಿ ಸಂರಕ್ಷಿತ ಪ್ರದೇಶ, 2015ರಲ್ಲಿ ಕಾಳಿ ಎಂಬ ಹೆಸರು. ದಾದಾನ ಮನೆಯವರು ಇದೆಲ್ಲಕ್ಕಿಂತ ಮೊದಲಿನವರು. ಅಂಗಳದಂಚಿನಲ್ಲಿ ಹುಲಿದೇವರ ಕಲ್ಲು, ಮೇಲೆ ಒಂದು ಹೂವು. ಕೊಟ್ಟಿಗೆಯಲ್ಲಿ ಒಂಬತ್ತು ದನ. ಎಲ್ಲ ಗಿಡ್ಡವೇ, ಕಿವಿಯಲ್ಲಿ ಹನ್ನೆರಡು ಅಂಕಿಯ ಹಳದಿ ಓಲೆ. ಕಾಲುಬಾಯಿ ಜ್ವರದ ಲಸಿಕೆಯವರು ಇಲ್ಲಿಗೂ ನಡೆದೇ ಬಂದು ಹಾಕಿದ್ದು.

"ಕಳೆದ ವರ್ಷ ಎರಡು ಹೋಯ್ತು" ಎಂದರು ದಾದಾ. ಒಂದು ಹುಲಿಗೆ, ಒಂದು ಚಿರತೆಗೆ. ಪರಿಹಾರ ಇದೆ. ಆದರೆ ಸತ್ತ ದನವನ್ನು ಸತ್ತಲ್ಲೇ ಬಿಡಬೇಕು, ಸಿಬ್ಬಂದಿ ಮತ್ತು ಪಶುವೈದ್ಯರು ಬಂದು ಮಹಜರು ಮಾಡಬೇಕು. ಅವರು ಬರುವಷ್ಟರಲ್ಲಿ ಹುಲಿ ಇನ್ನೊಂದು ಊಟ ಮುಗಿಸಿರುತ್ತದೆ, ಉಳಿದದ್ದು ಯಾವ ದನವೆಂದು ಓಲೆ ನೋಡಿಯೇ ಹೇಳಬೇಕು. ದಾದಾನಿಗೆ ಹುಲಿಯ ಮೇಲೆ ಸಿಟ್ಟಿರಲಿಲ್ಲ. "ಅದರದ್ದು ಅದು ತಿಂತು. ನಂದು ನಾನು ಕೇಳೋದು ಇಷ್ಟು ಕಷ್ಟ ಯಾಕೆ?" ಎಂದರು.

ಸಂಜೆ ಐದೂವರೆಗೆ ಎಂಟು ದನ ಬಂತು. ಮರದ ಗಂಟೆಯ ಸದ್ದನ್ನು ಎಣಿಸಿ ವಹಿನಿ, ಅಂದರೆ ದಾದಾನ ಹೆಂಡತಿ, ಒಳಗಿನಿಂದಲೇ "ಕಾಳಿ ಬಂದಿಲ್ಲ" ಎಂದರು. ಕಾಳಿ ದಿನತುಂಬಿದ ಗಬ್ಬ. ಮೊದಲ ಸೂಲು.

ದಾದಾ ಟಾರ್ಚು, ಕತ್ತಿ, ಹಗ್ಗ ತೆಗೆದುಕೊಂಡರು. ನಾನೂ ಬರುತ್ತೇನೆ ಎಂದೆ, ಧೈರ್ಯಕ್ಕಲ್ಲ, ಮನೆಯಲ್ಲಿ ಕೂರಲು ನಾಚಿಕೆಯಾಗಿ. ಅರ್ಧ ತಾಸು ಬಿದಿರುಮೆಳೆಯ ನಡುವೆ. ದಾದಾ ನಾಲ್ಕು ಹೆಜ್ಜೆ ನಡೆದು ನಿಂತು "ಓ... ಹೂಯ್..." ಎಂದು ಕೂಗುವುದು, ಕಿವಿಗೊಡುವುದು, ಮತ್ತೆ ನಾಲ್ಕು ಹೆಜ್ಜೆ. ಜೀರುಂಡೆ ನಿಂತರೆ ನನ್ನ ಎದೆ ನಿಲ್ಲುತ್ತಿತ್ತು. ಒಂದು ಕಡೆ ಕಾಲು ಜಾರಿ ಹಳ್ಳದ ಕೆಸರಿಗೆ ಕುಳಿತೆ. ಒಂದು ಚಪ್ಪಲಿ ಅಲ್ಲೇ ಉಳಿಯಿತು, ಹುಡುಕಲು ಹೋಗಲಿಲ್ಲ.

ಹಳ್ಳದ ತಿರುವಿನಲ್ಲಿ ಟಾರ್ಚಿಗೆ ಎರಡು ಹಸಿರು ಕಣ್ಣು ಹೊಳೆದವು. ನಾನು ದಾದಾನ ಅಂಗಿ ಹಿಡಿದುಕೊಂಡೆ. ಅವರು ನಕ್ಕರು. ಕಾಳಿ ನಿಂತಿತ್ತು. ಕಾಲಬುಡದಲ್ಲಿ ಒದ್ದೆಯಾದ ಕಂದು ಗಂಟೊಂದು ತಲೆ ಎತ್ತಲು ಪ್ರಯತ್ನಿಸುತ್ತಿತ್ತು. ಕರು ಹಾಕಿ ಬಹಳವೆಂದರೆ ಒಂದು ಗಂಟೆ. ತಾಯಿ ಅದನ್ನು ನೆಕ್ಕುತ್ತ, ನಮ್ಮ ಕಡೆ ಕೊಂಬು ತಿರುಗಿಸಿ ಬುಸುಗುಟ್ಟಿತು. ದಾದಾ ಹತ್ತಿರ ಹೋಗದೆ ಕೊಂಕಣಿಯಲ್ಲಿ ಏನೇನೋ ಮಾತಾಡುತ್ತ ನಿಂತರು, ಹತ್ತು ನಿಮಿಷ. ಅಷ್ಟು ಹೊತ್ತು ನಾನು ಕತ್ತಲಿಗೆ ಬೆನ್ನು ಕೊಟ್ಟು ನಿಂತಿದ್ದೆ ಎಂಬುದು ಆಮೇಲೆ ಹೊಳೆಯಿತು.

ದಾರಿ ಗೊತ್ತಿರುವವರು ಟಾರ್ಚು ಹಿಡಿದು ಮುಂದೆ ಹೋಗಬೇಕು, ಹಾಗಾಗಿ ಕರು ನನ್ನ ಹೆಗಲಿಗೆ ಬಂತು. ಹತ್ತು ಕಿಲೋಗಿಂತ ಹೆಚ್ಚಿರಲಿಕ್ಕಿಲ್ಲ. ಬಿಸಿ, ಜಾರಿಕೆ, ಮುಂಗಾಲು ನನ್ನ ಗಲ್ಲಕ್ಕೆ ತಾಗುತ್ತಿತ್ತು. ಪುಟ್ಟ ಎದೆಯ ಬಡಿತ ನನ್ನ ಕುತ್ತಿಗೆಗೆ ಕೇಳುತ್ತಿತ್ತು. ಹಿಂದೆ ಕಾಳಿ, ಪ್ರತಿ ಹತ್ತು ಹೆಜ್ಜೆಗೂ ಒಂದು ಸಣ್ಣ ಕೂಗು, ಅದರ ಮೂಗು ನನ್ನ ಬೆನ್ನಿಗೆ. ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಬರಿಗಾಲು. ಕಲ್ಲು ಚುಚ್ಚಿದ್ದು ಮನೆ ತಲುಪಿ ಕಾಲು ತೊಳೆಯುವವರೆಗೆ ತಿಳಿಯಲೇ ಇಲ್ಲ.

ಹೆಣ್ಣು ಕರು. ವಹಿನಿ ಒಣಹುಲ್ಲಿನಿಂದ ಒರೆಸಿ, ಗೊರಸಿನ ತುದಿ ಚಿವುಟಿ, ಕೆಚ್ಚಲಿಗೆ ಬಾಯಿ ಹಿಡಿಸಿದರು. ಊಟಕ್ಕೆ ಬೇಯಿಸಿದ ಗೆಣಸು, ಅನ್ನ, ಮುರುಗಲ ಸಾರು. ದಾದಾ ಆ ರಾತ್ರಿ ಎರಡು ಸಲ ಎದ್ದು ಕೊಟ್ಟಿಗೆಗೆ ಹೋಗಿ ಬಂದರು. ಎರಡು ಸಲವೂ ನಾನು ಎಚ್ಚರಿದ್ದೆ.

ಐದನೇ ದಿನ: ಅಣಶಿ ಇಳಿದು

ಬೆಳಿಗ್ಗೆ ಗಿಣ್ಣು ಕಟ್ಟಿಕೊಡುತ್ತೇನೆಂದರು ವಹಿನಿ. ಕರುವಿಗಿರಲಿ ಎಂದೆ. "ಕರು ಕುಡಿದು ಬಿಟ್ಟಿದ್ದೇ" ಎಂದು ಎಲೆಯಲ್ಲಿ ಸುತ್ತಿ ಕೊಟ್ಟೇ ಕೊಟ್ಟರು. ದಾದಾನ ಹಳೇ ಹವಾಯಿ ಚಪ್ಪಲಿ ಹಾಕಿಕೊಂಡು ಕುಂಬಾರವಾಡಕ್ಕೆ ಬಂದೆ, ಅಲ್ಲಿಂದ ಕಾರವಾರದ ಬಸ್ಸು. ಅಣಶಿ ಘಾಟಿಯ ತಿರುವುಗಳಲ್ಲಿ ಪಕ್ಕದ ಸೀಟಿನವರು ಎದ್ದು ಹಿಂದಿನ ಸೀಟಿಗೆ ಹೋದರು. ಅಂಗಿಯ ವಾಸನೆ ನನಗೆ ಆಗಲೇ ರೂಢಿಯಾಗಿತ್ತು.

ಕದ್ರಾ ದಾಟಿದ ಮೇಲೆ ಫೋನಿಗೆ ಜೀವ ಬಂತು. ಮಾವನ ನಾಲ್ಕು ಕರೆ. ವಾಪಸ್ಸು ಮಾಡಿದೆ.

"ಜರ್ಸಿ ಹೋತು" ಎಂದರು. ಬನವಾಸಿ ಕಡೆಯ ಒಬ್ಬರು, ರಸ್ತೆ ಪಕ್ಕದ ಮನೆ, ಹುಲ್ಲಿನ ಗದ್ದೆ ಇದೆಯಂತೆ, ಒಳ್ಳೆಯ ಜನ. "ಅತ್ತೆ ಕಣ್ಣಿ ಕೊಟ್ಟಿದ್ದಿಲ್ಲೆ. ಹೊಸ ಹಗ್ಗ ತಗಂಡು ಬನ್ನಿ ಅಂತು ಅವಕ್ಕೆ." ದನ ಮಾರಿದರೂ ಅದರ ಕಣ್ಣಿ ಮಾರಬಾರದು, ಕೊಟ್ಟಿಗೆಯಲ್ಲೇ ಉಳಿಯಬೇಕು. ಅತ್ತೆ ಅದನ್ನು ತೊಳೆದು ಅದೇ ಗೂಟಕ್ಕೆ ಹಾಕಿದ್ದಾರೆ.

"ಉಳಿದಿದ್ದು?"

ಮಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಟ್ರ್ಯಾಕ್ಟರ್ ಗೊಬ್ಬರದ ಲೆಕ್ಕ ಹಾಕಿದೆ, ನಮ್ಮನೆ ಗುಂಡಿಯಲ್ಲಿ ಇರುವುದನ್ನು ದುಡ್ಡು ಕೊಟ್ಟು ತರಿಸಿದರೆ ಅಡಿಕೆಯ ಒಂದು ಕೊಯ್ಲು ಅದಕ್ಕೇ ಸರಿ ಎಂದರು. ಎಮ್ಮೆಯ ಸುದ್ದಿ ಎತ್ತಲಿಲ್ಲ. ಹಿಂದೆ ಅತ್ತೆ ಏನೋ ಹೇಳುವುದು ಕೇಳಿಸಿತು.

"ಅಪ್ಪಿ, ಕಾರವಾರದಲ್ಲಿ ಮೀನು ಹಿಡಿಯ ಹಳೆ ಬಲೆ ಸಿಕ್ತನ? ನೈಲಾನ್ ಬಲೆ. ಕಲ್ಲಿ ಪೂರ್ತಿ ಹರಿದೋಜು. ದರಕು ತುಂಬಲೆ ಬೇಕಾಗಿತ್ತು."

ಬಸ್ಸಿಳಿದವನು ಮನೆಗೆ ಹೋಗದೆ ಬೈತಕೋಲ್ ಬಂದರಿಗೆ ಆಟೋ ಹಿಡಿದೆ. ಬೋಟಿನ ನೆರಳಲ್ಲಿ ಕುಳಿತು ಬಲೆ ಹೆಣೆಯುತ್ತಿದ್ದವರು ನನ್ನ ಅಂಗಿಯನ್ನೊಮ್ಮೆ, ಚಪ್ಪಲಿಯನ್ನೊಮ್ಮೆ ನೋಡಿ, ಎಷ್ಟು ದೊಡ್ಡ ಕಣ್ಣಿನ ಬಲೆ ಬೇಕು ಎಂದು ಕೇಳಿದರು. ಒಣಗಿದೆಲೆ ಉದುರಬಾರದು, ಅಷ್ಟು ಎಂದೆ.